ಒರಟಿಗೂ ಒಂದು ಗೂಟ ಬೇಕು

ಗೋಣಿಕೊಪ್ಪದಿಂದ ಮಡಿಕೇರಿಗೆ ಬರುವ ದಾರಿಯಲ್ಲಿ ಕಾಫಿಪುಡಿ, ಜೇನು, ಕಾಳುಮೆಣಸು ಮಾರುವ ಅಂಗಡಿಗಳ ಮುಂದೆ ನಿಂತರೆ ಈಗ ಹೊಸ ಬಗೆಯ ಪೊಟ್ಟಣವೊಂದು ಕಣ್ಣಿಗೆ ಬೀಳುತ್ತದೆ. ಕಂದು ಕಾಗದ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಒಂದು ಆನೆ, ಇಲ್ಲವೇ ಹಣ್ಣು ತುಂಬಿದ ಕಾಫಿ ರೆಂಬೆ. ಸುತ್ತ ಉಳಿಯ ಗೀರು. ದೂರದಿಂದ ನೋಡಿದರೆ ಯಾರೋ ಲಿನೋ (ನೆಲಹಾಸಿನಂಥ ಮೆದು ಹಾಳೆ) ಕೊರೆದು ಅಚ್ಚು ಹಾಕಿದ್ದಾರೆ ಅನ್ನಬೇಕು. ಹತ್ತಿರ ಹೋದರೆ ಗೊತ್ತಾಗುತ್ತದೆ, ಯಾರೂ ಏನನ್ನೂ ಕೊರೆದಿಲ್ಲ. ಕೊರೆದ ಹಾಗೆ ಕಾಣಿಸುವ ಗುಂಡಿಯೊಂದನ್ನು ಕಂಪ್ಯೂಟರಿನಲ್ಲಿ ಒತ್ತಿದ್ದಾರೆ, ಅಷ್ಟೇ.

ಗೊತ್ತಾಗುವುದು ಹೇಗೆ? ಲಿನೋದಲ್ಲಿ ಹಿನ್ನೆಲೆಯನ್ನು ಯು ಉಳಿಯಿಂದ, ಅಂದರೆ ಬಾಯಿ ಇಂಗ್ಲಿಷಿನ U ಆಕಾರದಲ್ಲಿರುವ ಉಳಿಯಿಂದ, ತೆಗೆಯುವಾಗ ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಸಣ್ಣ ಬದು ಉಳಿಯುತ್ತದೆ, ಉತ್ತ ಗದ್ದೆಯ ಹಾಗೆ. ರೋಲರ್ ಆ ಬದುವಿನ ನೆತ್ತಿಗೆ ತಾಗಿ ಇಂಕ್ ಹಿಡಿಯುತ್ತದೆ. ನಾವು ನೋಡುವ ಗೀರು ಅದೇ. ಆನೆಯ ಬೆನ್ನಿನ ಹತ್ತಿರ ಆ ಗೀರುಗಳು ಬೆನ್ನಿನ ಬಾಗನ್ನೇ ಅನುಸರಿಸುತ್ತವೆ. ಉಳಿ ಗೆರೆಗೆ ನುಗ್ಗಬಾರದು ಎಂಬ ಹೆದರಿಕೆಯಿಂದ ಕೈ ಗೆರೆಯ ಪಕ್ಕದಲ್ಲೇ ಸಾಗುತ್ತದೆ. ದೂರ ಹೋದಂತೆ ಹೆದರಿಕೆ ಕಡಿಮೆ, ಗೀರು ಉದ್ದ. ಪೊಟ್ಟಣದ ಆನೆಯ ಸುತ್ತ ಎಲ್ಲ ಗೀರಿಗೂ ಒಂದೇ ಉದ್ದ, ಒಂದೇ ಓರೆ. ಹೊಟ್ಟೆಯ ಕೆಳಗೆ, ಯಾವ ಕೈಯೂ ಹಾಗೆ ತಿರುಗಲಾರದ ಸಂದಿಯಲ್ಲೂ ಅದೇ ಓರೆ. ಕಪ್ಪಿನೊಳಗಿನ ಬಿಳಿ ಚುಕ್ಕೆಗಳೂ ಹಾಗೆಯೇ, ರವೆ ಉದುರಿಸಿದಂತೆ ಎಲ್ಲ ಕಡೆ ಸಮ. ನಿಜವಾದ ಅಚ್ಚಿನಲ್ಲಿ ಬಿಳಿ ಚುಕ್ಕೆ ಬರುವುದಕ್ಕೆ ಕಾರಣ ಇರುತ್ತದೆ. ರೋಲರ್ ತಲುಪದ ತಗ್ಗು, ಬಿದ್ದ ಕೂದಲು, ಒಂದು ಧೂಳಿನ ಕಣ. ಧೂಳಾದರೆ ನಡುವೆ ಕಪ್ಪು ಬೊಟ್ಟು, ಅದರ ಸುತ್ತ ಬಿಳಿ ಉಂಗುರ.

ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಪೊಟ್ಟಣ ಲಕ್ಷಗಟ್ಟಲೆ ಬೇಕು, ಕಾಗದದ ಬೆನ್ನನ್ನು ಚಮಚದಲ್ಲಿ ಉಜ್ಜಿ ಒಂದೊಂದಾಗಿ ಅಚ್ಚು ತೆಗೆದು ಕೊಡಲು ಯಾರಿಗೂ ಆಗುವುದಿಲ್ಲ. ಕಾಡುವುದು ಬೇರೆ: ಒರಟು ಅನ್ನುವುದು ಈಗ ಒಂದು ಅಂಗಿ. ಬೇಕಾದಾಗ ತೊಡಬಹುದು. ಆರ್ಟ್ ಸ್ಕೂಲಿನಲ್ಲಿ, ಸಿನಿಮಾದಲ್ಲಿ, ಗ್ಯಾರೇಜ್ ರಾಕ್ ಅನ್ನುವ ಸಂಗೀತದಲ್ಲಿ, ಮೂರೂ ಕಡೆ ಅದೇ ಅಂಗಿಯ ವ್ಯಾಪಾರ ನಡೆಯುತ್ತಿದೆ. ಅಚ್ಚಿನ ಕೆಲಸ ಮಾಡುವವರಿಗೆ ಮಾತ್ರ ಒಂದು ಅನುಕೂಲ ಇದೆ. ಒಂದೇ ಚಿತ್ರವನ್ನು ಹತ್ತು, ಹದಿನೈದು ಸಲ ತೆಗೆಯಬೇಕಾದ್ದರಿಂದ ಯಾವ ತಪ್ಪು ಹಲಗೆಯದು, ಯಾವುದು ಆ ಹೊತ್ತಿನದು ಎಂದು ಎದುರಿಗೇ ಕಾಣುತ್ತದೆ. ಹಲಗೆಯ ಬಿರುಕು ಪ್ರತಿ ಹಾಳೆಯಲ್ಲೂ ಅದೇ ಜಾಗಕ್ಕೆ ಬರುತ್ತದೆ, ಅದು ಚಿತ್ರದ ಭಾಗ. ಮೂರನೇ ಹಾಳೆಯಲ್ಲಿ ಮಾತ್ರ ಬಂದ ಬೆರಳ ಗುರುತು ಬರೀ ಗಲೀಜು.

ಸಿಲ್ವರ್ ಓಕ್ ಹಲಗೆ, ಸ್ಟೀಲ್ ಚಮಚ

ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ಕೊಡಗಿನ ಕಾಫಿ ಗೋದಾಮುಗಳು ಖಾಲಿ. ಕೊಯ್ಲು ಮುಗಿದು, ಮೂಟೆಗಳು ಹೋಗಿ, ಮುಂದಿನ ಹಣ್ಣಿಗೆ ಇನ್ನೂ ನಾಲ್ಕೈದು ತಿಂಗಳು. ಕೆಲಸ ಹರಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಇದಕ್ಕಿಂತ ಕೆಟ್ಟ ಕಾಲವೂ ಇಲ್ಲ. ರಜೆಗೆ ಬಂದ ಒಬ್ಬ ಹುಡುಗಿ, ಪ್ರಿಂಟ್‌ಮೇಕಿಂಗ್ (ಅಚ್ಚಿನ ಚಿತ್ರಕಲೆ) ಕೊನೆಯ ವರ್ಷದವಳು, ಅಂಥದೊಂದು ಗೋದಾಮಿನಲ್ಲಿ ಮೂರು ಬಣ್ಣದ ಚಿತ್ರವೊಂದನ್ನು ತೆಗೆಯುತ್ತಿದ್ದಳು. ಕಪ್ಪು ಗೆರೆಗೆ ಸಿಲ್ವರ್ ಓಕ್ ಹಲಗೆ, 16 ಇಂಚು ಉದ್ದ, 12 ಇಂಚು ಅಗಲ. ಕೆಮ್ಮಣ್ಣು ಬಣ್ಣಕ್ಕೂ ಹಸಿರಿಗೂ ಪ್ಲೈವುಡ್ ಮೇಲೆ ಅಂಟಿಸಿದ ಲಿನೋ. ಹಲಗೆ ಕೊರೆದದ್ದು ಏಪ್ರಿಲಿನಲ್ಲಿ. ಅದರ ಒಂದು ಹಸಿ ಪ್ರಿಂಟನ್ನು ಲಿನೋ ಮೇಲೆ ಒತ್ತಿ ಗೆರೆ ಇಳಿಸಿಕೊಂಡು ಬಣ್ಣದ ಭಾಗ ಕೊರೆದದ್ದೂ ಆಗಲೇ. ಆಗ ಎಲ್ಲ ಸರಿಯಾಗಿ ಕೂತಿತ್ತು.

ಸಿಲ್ವರ್ ಓಕ್ ಬಗ್ಗೆ ಒಂದು ಮಾತು. ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನಿಂತ ಮರ, ಪ್ಲೈವುಡ್ ಮಿಲ್ಲಿಗೆ ಹೋಗುವ ಮರ. ಆದರೆ ಹಲಗೆ ಸೀಳಿದಾಗ ಅದರಲ್ಲಿ ಜರಿಯಂತೆ ಮಿನುಗುವ ಅಡ್ಡ ಮಚ್ಚೆಗಳಿರುತ್ತವೆ. ತಂತಿ ಬ್ರಷ್‌ನಿಂದ ಎಳೆಯ ಜಾಡಿನಲ್ಲೇ ಉಜ್ಜಿದರೆ ಮೆದು ಭಾಗ ಸವೆದು ಮಚ್ಚೆ ಮೇಲೆದ್ದು ನಿಲ್ಲುತ್ತದೆ, ತೆಳುವಾಗಿ ಇಂಕ್ ಹಾಕಿದರೆ ಕಾಗದಕ್ಕೂ ಬರುತ್ತದೆ. ಆದರೆ ಸಣ್ಣ ಗೆರೆಗೆ ಒಗ್ಗುವ ಮರವಲ್ಲ. ಎಳೆಗೆ ಅಡ್ಡವಾಗಿ 1 ಮಿಲಿಮೀಟರಿಗಿಂತ ತೆಳುವಾದ ಗೆರೆ ಬಿಟ್ಟರೆ ಚಕ್ಕೆ ಏಳುತ್ತದೆ. ಸಣ್ಣ ಗೆರೆಯೇ ಬೇಕಿದ್ದರೆ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬುಡವನ್ನು ಅಡ್ಡಡ್ಡ ಬಿಲ್ಲೆಯಾಗಿ ಕೊಯ್ದು ನೋಡಿ. ಗಟ್ಟಿ, ನಯ, ಎರಡು ಮೂರು ಇಂಚಿನ ಚಿತ್ರಕ್ಕೆ ಸಾಕು. ಕೊಯ್ದ ಕೂಡಲೇ ಎರಡೂ ಮುಖಕ್ಕೆ ಮೇಣ ಬಳಿದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗಿಟ್ಟರೆ ತಿರುಳಿನಿಂದ ನಕ್ಷತ್ರದ ಹಾಗೆ ಬಿರಿಯುತ್ತದೆ.

ಪ್ರೆಸ್ ಇಲ್ಲದೆ ಅಚ್ಚು ತೆಗೆಯುವುದರಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು. ಗಾಜಿನ ಮೇಲೆ ಇಂಕ್ ಹರಡಿ ರೋಲರ್ ಉರುಳಿಸುವಾಗ ಕಿವಿ ಕೊಡಬೇಕು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುವ ಮುಂಚಿನ ಚಿರಿಚಿರಿ ಸದ್ದು ಬಂದರೆ ಹದ. ಪಚಪಚ ಅಂದರೆ ಹೆಚ್ಚಾಯಿತು, ಸಣ್ಣ ಗೀರೆಲ್ಲ ತುಂಬಿಹೋಗುತ್ತದೆ. ಹಲಗೆಗೆ ಮೂರು ನಾಲ್ಕು ಸಲ ತೆಳುವಾಗಿ ಹಾಕುವುದು ಒಂದೇ ಸಲ ದಪ್ಪಗೆ ಹಾಕುವುದಕ್ಕಿಂತ ಮೇಲು. ಕಾಗದ ಇಟ್ಟು, ಅದರ ಮೇಲೆ ಬೆಣ್ಣೆ ಕಾಗದ, ಅದರ ಮೇಲೆ ಸ್ಟೀಲ್ ಚಮಚದ ಬೆನ್ನು. ಬೆನ್ನಿಗೆ ಒಂದು ತೊಟ್ಟು ತೆಂಗಿನೆಣ್ಣೆ ಸವರಿದರೆ ಜಾರುತ್ತದೆ. ನಡುವಿನಿಂದ ಅಂಚಿಗೆ, ರೂಪಾಯಿ ನಾಣ್ಯದಷ್ಟು ಜಾಗ ಒಂದೊಂದಾಗಿ. ಈ ಅಳತೆಯ ಹಲಗೆಗೆ ಅರ್ಧ ಗಂಟೆ ಹಿಡಿಯುತ್ತದೆ. ಅವಳು ಹಸಿರು, ಕೆಮ್ಮಣ್ಣು ಎರಡನ್ನೂ ಮುಗಿಸಿ, ಒಣಗಲು ಒಂದು ವಾರ ಕಾದು, ಕಪ್ಪಿಗೆ ಬಂದಿದ್ದಳು. ಮೊದಲ ಹಾಳೆ ಎತ್ತಿದಾಗ ಎಡಗಡೆ ಎಲ್ಲ ಸರಿ ಇತ್ತು. ಬಲಗಡೆ ಹೋದಂತೆ ಹಸಿರು ಗೆರೆಯಿಂದ ಹಿಂದೆ ಬಿದ್ದು, ಕೊನೆಯ ಮರದ ಹತ್ತಿರ ಬಿಳಿ ಪಟ್ಟಿಯೇ ಕಾಣುತ್ತಿತ್ತು.

ಅವತ್ತು ಗೋದಾಮಿನ ಕಿಟಕಿ ರಿಪೇರಿಗೆ ಬಂದಿದ್ದ ಆಚಾರ್ರು ಹಿಂದೆ ನಿಂತು ನೋಡಿದರು.

“ಇದೆಂತದು, ಎರಡೆರಡಾಗಿ ಕಾಣ್ತದೆ?”

“ರಿಜಿಸ್ಟ್ರೇಷನ್ ತಪ್ಪಿದೆ ಆಚಾರ್ರೇ, ಬಣ್ಣದ ಮೇಲೆ ಗೆರೆ ಸರಿಯಾಗಿ ಕೂತಿಲ್ಲ. ಕಾಗದ ಹಿಡಿಯೋ ಮೊಳೆ ಅಲುಗಾಡಿರ್ಬೇಕು.”

ಆಚಾರ್ರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅಡಿಕೋಲು ಇಟ್ಟರು. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ.

“ಉದ್ದಕ್ಕೆ ಸರಿ ಉಂಟು. ಅಗಲಕ್ಕೆ ಮಾತ್ರ ಹೋಗಿದೆ. ಮೊಳೆ ಅಲುಗಾಡಿದ್ರೆ ಎರಡೂ ಕಡೆ ಹೋಗ್ಬೇಕಿತ್ತಲ್ಲ ಮಗಳೇ. ಹಲಗೆ ನೀರು ಕುಡ್ದಿದೆ. ಮಳೆಗಾಲದಲ್ಲಿ ಬಾಗಿಲು ಹಿಡ್ಕೊಳ್ಳೋದಿಲ್ವಾ, ಇದೂ ಅದೇ. ಒಂದು ನೂಲು ದೊಡ್ಡದಾಗಿದೆ ನೋಡು.”

ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಪಾಲು, 3 ಮಿಲಿಮೀಟರಿಗೆ ತುಸು ಹೆಚ್ಚು. ಮರ ಎಳೆಯ ಉದ್ದಕ್ಕೆ ಬೆಳೆಯುವುದಿಲ್ಲ ಅನ್ನುವಷ್ಟು ಕಡಿಮೆ ಬೆಳೆಯುತ್ತದೆ, ಅಡ್ಡಕ್ಕೆ ಊದುತ್ತದೆ. ಪ್ಲೈವುಡ್‌ನಲ್ಲಿ ಒಂದು ಪದರದ ಎಳೆ ಇನ್ನೊಂದಕ್ಕೆ ಅಡ್ಡ ಇರುವುದರಿಂದ ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಲಿನೋ ಅಂಟಿಸಿದ ಎರಡು ಹಲಗೆ ಏಪ್ರಿಲಿನಲ್ಲೇ ಉಳಿದಿದ್ದವು, ಗೆರೆಯ ಹಲಗೆ ಜುಲೈಗೆ ಬಂದಿತ್ತು. ಹಲಗೆಯನ್ನು ಒಣಗಿಸುವ ಹಾಗಿಲ್ಲ. ಬೆಂಕಿಯ ಹತ್ತಿರ ಇಟ್ಟರೆ ಒಂದು ಮುಖ ಬೇಗ ಒಣಗಿ ದೋಣಿಯ ಹಾಗೆ ಬಾಗುತ್ತದೆ. ಆಚಾರ್ರು ಹೇಳಿದ್ದು ಚೌಕಟ್ಟು ಮಾಡುವವರ ಉಪಾಯ: ಮೂಲೆಯಿಂದ ಅಳೆಯಬೇಡ, ನಡುಗೆರೆ ಹಿಡಿ. ಮೂಲೆಯಿಂದ ಹಿಡಿದರೆ ಒಂದು ನೂಲು ಪೂರ್ತಿ ಬಲ ಅಂಚಿಗೆ ಹೋಗಿ ಕೂರುತ್ತದೆ. ನಡುವಿನಿಂದ ಹಿಡಿದರೆ ಎಡಕ್ಕೆ ಅರ್ಧ ನೂಲು, ಬಲಕ್ಕೆ ಅರ್ಧ ನೂಲು. ಅವಳ ಕಪ್ಪು ಗೆರೆಗಳು ಎರಡು ಮೂರು ಮಿಲಿಮೀಟರ್ ದಪ್ಪ ಇದ್ದವು. ಅರ್ಧ ನೂಲನ್ನು ಅವೇ ನುಂಗಿಕೊಂಡವು.

ಕಾಲೇಜು ಕೊಡುವುದು

ಆರ್ಟ್ ಸ್ಕೂಲನ್ನು ಬೈಯುವುದು ಸುಲಭ. ಬೈಯುವವರಲ್ಲಿ ಹೆಚ್ಚಿನವರು ಅಲ್ಲೇ ಓದಿ ಬಂದವರು. ಆದ್ದರಿಂದ ಮೊದಲು ಅದು ಕೊಡುವುದನ್ನು ಹೇಳಬೇಕು. ಎಚ್ಚಿಂಗ್ ಪ್ರೆಸ್ ಕೊಡುತ್ತದೆ. ಎಚ್ಚಿಂಗ್ ಅಂದರೆ ಲೋಹದ ಪ್ಲೇಟನ್ನು ಆಸಿಡ್‌ನಂಥ ದ್ರಾವಣದಿಂದ ಕೊರೆಸಿ ಅಚ್ಚು ತೆಗೆಯುವುದು. ಮನೆಯಲ್ಲಿ ಅಂಥ ಪ್ರೆಸ್ ಇಡಲು ನೆಲವೇ ಗಟ್ಟಿ ಇರಬೇಕು. ಆಸಿಡ್ ಕೋಣೆ, ಹೊಗೆ ಎಳೆಯುವ ಫ್ಯಾನ್, ಕಲ್ಲಚ್ಚಿನ ಕಲ್ಲು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ಮೇಜಿನಲ್ಲಿ ಇನ್ನೊಬ್ಬರು ಪ್ಲೇಟ್ ಹಾಳುಮಾಡಿಕೊಳ್ಳುವುದನ್ನು ನಾಲ್ಕು ವರ್ಷ ಪುಕ್ಕಟೆಯಾಗಿ ನೋಡುವ ಅವಕಾಶ. ಇದಕ್ಕೆ ಬೆಲೆ ಕಟ್ಟಲಾಗದು.

ಕೊಡದೇ ಇರುವುದು ಪ್ರೆಸ್ ಇಲ್ಲದ ದಿನಕ್ಕೆ ಬೇಕಾದ ತಿಳಿವಳಿಕೆ. ಗೇಟು ದಾಟಿದ ಮರುದಿನವೇ ಪ್ರೆಸ್ ಇಲ್ಲ. ಗ್ರಾಫಿಕ್ಸ್ ವಿಭಾಗದಲ್ಲಿ (ಅಚ್ಚಿನ ವಿಭಾಗಕ್ಕೆ ಕಾಲೇಜಿನ ಹೆಸರು) ಓದಿದ ಎಷ್ಟೋ ಮಂದಿ ಐದು ವರ್ಷದೊಳಗೆ ಪೇಂಟಿಂಗಿಗೋ ಕಂಪ್ಯೂಟರಿಗೋ ಹೊರಳುವುದು ಇದಕ್ಕೇ ಎಂದು ನನ್ನ ಅನಿಸಿಕೆ. ತನ್ನ ಕೃತಿಯ ಬಗ್ಗೆ ಎರಡು ಪುಟ ಹೇಳಿಕೆ ಬರೆಯಲು ಅವರಿಗೆ ಬರುತ್ತದೆ. ಮರ ಯಾವ ಕಡೆಗೆ ಊದುತ್ತದೆ ಎಂದು ಹೇಳಲು ಕಿಟಕಿ ರಿಪೇರಿಗೆ ಬಂದವರು ಬೇಕಾಯಿತು. ಇದು ಹೀಗೇ ಇರಬೇಕೆಂದೇನೂ ಇರಲಿಲ್ಲ. ಮೈಸೂರಿನಲ್ಲಿ 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನ ಹೆಸರಿನಲ್ಲೇ ಟೆಕ್ನಿಕಲ್ ಇತ್ತು. ಕಸುಬು ಮತ್ತು ಚಿತ್ರ ಒಂದೇ ಸೂರಿನಡಿ ಇರಲಿ ಎಂಬ ಲೆಕ್ಕಾಚಾರ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸ್ ಮಕ್ಕಳ ಪಠ್ಯಪುಸ್ತಕಕ್ಕೆ ಲಿನೋ ಕೊರೆದರು. ದಂಡಿ ಯಾತ್ರೆಯ ಗಾಂಧಿಯನ್ನು 1930ರಲ್ಲಿ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಯಿಂದ ಕೊರೆದದ್ದೂ ಅವರೇ. ಒಂದೇ ಹಲಗೆ, ಒಂದೇ ಬಣ್ಣ. ಉಳಿಯ ಓಟ ಅದರಲ್ಲಿ ಎದ್ದು ಕಾಣುತ್ತದೆ, ಆದರೆ ಒಂದು ಗೆರೆಯೂ ಅಡ್ಡಾದಿಡ್ಡಿ ಅಲ್ಲ.

ಪಾಠಪಟ್ಟಿ ಬರೆಯುವ ಅಧಿಕಾರ ಸಿಕ್ಕಿದರೆ ಮೊದಲ ಆರು ತಿಂಗಳು ಪ್ರೆಸ್ಸಿಗೆ ಬೀಗ ಹಾಕಿಸುತ್ತೇನೆ. ಮೊದಲ ತಿಂಗಳು ಉಳಿ ಮಸೆಯುವುದು. ಮಸೆದ ಯು ಉಳಿ ಉಗುರಿನ ಮೇಲಿಟ್ಟರೆ ಜಾರದೆ ಕಚ್ಚಿ ನಿಲ್ಲಬೇಕು. ಎರಡನೇ ತಿಂಗಳು 4 ಇಂಚಿನ ಒಂದು ಕಪ್ಪು ಚೌಕವನ್ನು ಹತ್ತು ಹಾಳೆಯಲ್ಲಿ, ಹತ್ತೂ ಒಂದೇ ಥರ ಕಾಣುವಂತೆ ತೆಗೆಯುವುದು. ಬೇಸರದ ಕೆಲಸ, ಒಪ್ಪುತ್ತೇನೆ. ಹತ್ತರಲ್ಲಿ ಆರು ಬೂದುಬೂದಾಗಿ ಬರುತ್ತವೆ, ಯಾಕೆಂದು ಹುಡುಕುವಷ್ಟರಲ್ಲಿ ಇಂಕಿನ ಬಗ್ಗೆ ಕಲಿಯಬೇಕಾದ್ದೆಲ್ಲ ಬಂದಿರುತ್ತದೆ. ಆಮೇಲೆ ಊರಲ್ಲಿ ಸಿಗುವುದರಿಂದಲೇ ಎಚ್ಚಿಂಗ್.

ಕೊಡಗಿನಲ್ಲಿ ಅದು ಕಷ್ಟವಲ್ಲ. ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯಲು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಕಲಸುವುದು ಇಲ್ಲಿ ಮಕ್ಕಳಿಗೂ ಗೊತ್ತು. ಅದೇ ಮೈಲುತುತ್ತ 75 ಗ್ರಾಂ, ಅಡುಗೆ ಉಪ್ಪು 75 ಗ್ರಾಂ, 1 ಲೀಟರ್ ನೀರಲ್ಲಿ ಕರಗಿಸಿದರೆ ಸತು ಮತ್ತು ಅಲ್ಯೂಮಿನಿಯಂ ಪ್ಲೇಟನ್ನು ಕೊರೆಯುವ ದ್ರಾವಣ ಸಿದ್ಧ. ನೈಟ್ರಿಕ್ ಆಸಿಡ್‌ನ ಕಂದು ಹೊಗೆ ಇಲ್ಲ. ಆಫ್‌ಸೆಟ್ ಪ್ರೆಸ್ಸಿನವರು ಗುಜರಿಗೆ ಹಾಕುವ ಬಳಸಿದ ಅಲ್ಯೂಮಿನಿಯಂ ಪ್ಲೇಟಿನ ಹಿಂಬದಿ ಅಭ್ಯಾಸಕ್ಕೆ ಧಾರಾಳ ಸಾಕು. ಮೇಲೆ ಬಳಿಯುವ ರಕ್ಷಾಲೇಪಕ್ಕೆ ಜೇನುಮೇಣ ಎರಡು ಪಾಲು, ಬಿಟುಮೆನ್ ಎರಡು ಪಾಲು, ರಾಳ ಒಂದು ಪಾಲು. ಮೇಣಕ್ಕೆ ಕೊಡಗಿನಲ್ಲಿ ಬರವೇ? ಲೇಪವನ್ನು ಸೂಜಿಯಿಂದ ಗೀಚಿ ದ್ರಾವಣಕ್ಕೆ ಇಳಿಸಿದರೆ ಗೀಚಿದ ಕಡೆ ಲೋಹ ಕರಗಿ, ಅದರ ಜಾಗದಲ್ಲಿ ತಾಮ್ರ ಕೆಂಪು ಕೆಸರಾಗಿ ಕೂರುತ್ತದೆ. ಅದನ್ನು ಕೋಳಿಪುಕ್ಕದಿಂದ ಆಗಾಗ ಸವರಿ ತೆಗೆಯದಿದ್ದರೆ ಗೆರೆಯ ತಳ ಮುಚ್ಚಿಕೊಂಡು ಕೊರೆತ ಅಲ್ಲಲ್ಲಿ ನಿಂತುಹೋಗುತ್ತದೆ. ಅಲ್ಯೂಮಿನಿಯಂ ಹಾಕಿದರೆ ನೊರೆ ಬರುತ್ತದೆ, ಬಿಸಿ ಏರುತ್ತದೆ, ಹೈಡ್ರೋಜನ್ ಹೊರಡುತ್ತದೆ. ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ ಸೇದುವವರು ಇರಬಾರದು. ನೀಲಿ ಬಣ್ಣ ಮಾಸಿ ನೀರಾದರೆ ದ್ರಾವಣದ ಕಸುವು ಮುಗಿಯಿತು ಅಂತ. ಹಾಗೆಂದು ತೋಡಿಗೆ ಚೆಲ್ಲುವಂತಿಲ್ಲ, ಉಳಿದ ತಾಮ್ರ ಮೀನಿಗೆ ವಿಷ. ವಾಷಿಂಗ್ ಸೋಡಾ ಹಾಕಿ, ತಾಮ್ರ ತಳಕ್ಕಿಳಿದ ಮೇಲೆ ಕೆಸರನ್ನು ಬೇರೆ ಮಾಡಿಡಬೇಕು.

(ಕಕ್ಕಡದಲ್ಲಿ ಪಾಯಸಕ್ಕೆ ಹಾಕುವ ಮದ್ದುಸೊಪ್ಪಿನ ನೇರಳೆ ಬಣ್ಣದಲ್ಲಿ ಯಾಕೆ ಪ್ರಿಂಟ್ ತೆಗೆಯಬಾರದು ಎಂದು ಪ್ರತಿ ಕಕ್ಕಡದಲ್ಲೂ ಯಾರಾದರೂ ಕೇಳುತ್ತಾರೆ. ಸೊಪ್ಪಿನ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಪಾಯಸಕ್ಕೇ ಚೆನ್ನ.)

ಚಿತ್ರಕ್ಕೆ ನಾಲ್ಕು ತೂತು

ಸಿನಿಮಾವನ್ನು ಅಚ್ಚಿನವರು ನೋಡುವ ಬಗೆಯೇ ಬೇರೆ. 35 ಎಂ.ಎಂ. ರೀಲಿನ ಎರಡೂ ಅಂಚಿಗೆ, ಒಂದೊಂದು ಚಿತ್ರಕ್ಕೆ ನಾಲ್ಕು ನಾಲ್ಕು ತೂತು. ಅವು ರೀಲನ್ನು ಎಳೆಯಲು ಅಂದುಕೊಳ್ಳುತ್ತೇವೆ. ಎಳೆಯುವುದು ಅರ್ಧ ಕೆಲಸ, ಹಿಡಿದು ನಿಲ್ಲಿಸುವುದು ಇನ್ನರ್ಧ. ಒಳ್ಳೆಯ ಕ್ಯಾಮೆರಾದಲ್ಲಿ ಪ್ರತಿ ಚಿತ್ರಕ್ಕೂ ಒಂದು ಗೂಟ ಆ ತೂತಿನೊಳಗೆ ಹೋಗಿ, ಬೆಳಕು ಬೀಳುವಷ್ಟು ಹೊತ್ತು ಫಿಲ್ಮನ್ನು ಅಲುಗದಂತೆ ಹಿಡಿಯುತ್ತದೆ. ಸೆಕೆಂಡಿಗೆ 24 ಸಲ. ಚಿತ್ರದ ಅಗಲ ಸುಮಾರು 21 ಮಿಲಿಮೀಟರ್. ಅದನ್ನು 21 ಅಡಿಯ ತೆರೆಗೆ ಹಿಗ್ಗಿಸಿದರೆ ಮುನ್ನೂರು ಪಟ್ಟು. ಗೂಟ ಹತ್ತನೇ ಒಂದು ಮಿಲಿಮೀಟರ್ ತಪ್ಪಿದರೂ ತೆರೆಯ ಮೇಲೆ 3 ಸೆಂಟಿಮೀಟರ್. ಟೂರಿಂಗ್ ಟಾಕೀಸು ನೋಡಿದವರಿಗೆ ನೆನಪಿರಬಹುದು, ಹಳೇ ರೀಲು ಬಂದರೆ ಹೀರೋ ನಿಂತಲ್ಲೇ ಕಂಪಿಸುತ್ತಿದ್ದ. ಊರೂರು ಸುತ್ತಿ ತೂತುಗಳು ಹರಿದಿರುತ್ತಿದ್ದವು. ರೀಲಿನ ಮೇಲೆ ಮಳೆ ಬಿದ್ದಂತೆ ಗೀರು ಇದ್ದರೂ ಜನ ಸಹಿಸುತ್ತಿದ್ದರು. ಚಿತ್ರ ಕುಣಿಯತೊಡಗಿದರೆ ಮಾತ್ರ ಟೆಂಟಿನ ಹಿಂಬದಿಯಿಂದ ಸಿಳ್ಳೆ.

ಗೀರನ್ನು ಕಣ್ಣು ಕ್ಷಮಿಸುತ್ತದೆ, ಕುಣಿತವನ್ನು ಕ್ಷಮಿಸುವುದಿಲ್ಲ. ನಾನು ಹೇಳಬೇಕೆಂದಿರುವುದು ಬಹುಪಾಲು ಇದೇ. ಇವತ್ತು ಡಿಜಿಟಲ್ ಸಿನಿಮಾಕ್ಕೆ ಬೇಕೆಂದೇ ಹಳೇ ಫಿಲ್ಮಿನಂಥ ಹರಳುಹರಳು ಚುಕ್ಕೆ (ಗ್ರೇನ್) ಬೆರೆಸುತ್ತಾರೆ, ಗೀರು ಹಾಕುತ್ತಾರೆ, ಕೈಯಲ್ಲಿ ಹಿಡಿದ ಕ್ಯಾಮೆರಾದಂತೆ ಅಲುಗಿಸುತ್ತಾರೆ. ಗೀರು ಕೆಲವೊಮ್ಮೆ ಒಪ್ಪುತ್ತದೆ. ಅಲುಗಾಟ ಹೆಚ್ಚಿನ ಸಲ ತಲೆನೋವು.

ಇನ್ನೊಂದು ಸಂಗತಿ ಪ್ರಿಂಟ್‌ಮೇಕಿಂಗ್ ಕ್ಲಾಸಿನಲ್ಲಿ ಹೇಳಲೇಬೇಕಾದ್ದು. 1930ರ ದಶಕದ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ಪ್ರಿಂಟ್ ಫೋಟೋ ಅಲ್ಲ, ನಿಜವಾದ ಅಚ್ಚು. ಕ್ಯಾಮೆರಾದಲ್ಲಿ ಮೂರು ನೆಗೆಟಿವ್. ಅವುಗಳಿಂದ ಮೂರು ಜೆಲಾಟಿನ್ ಅಚ್ಚು, ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಉಬ್ಬು ತಗ್ಗು. ಒಂದೊಂದು ಅಚ್ಚಿಗೆ ಒಂದೊಂದು ಬಣ್ಣ ಕುಡಿಸಿ, ಖಾಲಿ ಫಿಲ್ಮಿನ ಮೇಲೆ ಒಂದಾದ ಮೇಲೊಂದು ಒತ್ತುವುದು. ಬಣ್ಣ ಮೂರು: ಹಳದಿ, ಹಸಿರು ಬೆರೆತ ನೀಲಿ (ಸಯಾನ್), ನೇರಳೆ ಬೆರೆತ ಕೆಂಪು (ಮೆಜೆಂಟಾ). ಒತ್ತುವಾಗ ಎರಡೂ ಫಿಲ್ಮು ಸಾಲುಸಾಲು ಗೂಟಗಳಿರುವ ಲೋಹದ ಪಟ್ಟಿಯ ಮೇಲೆ ಕೂತು ಸಾಗುತ್ತಿದ್ದವು. ಶುರುವಿನ ವರ್ಷಗಳಲ್ಲಿ ಬಣ್ಣದ ಅಡಿಗೆ ತೆಳುವಾದ ಕಪ್ಪು ಬಿಳುಪಿನ ಚಿತ್ರವನ್ನೂ ಇಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಕೀ’. ಮರದಚ್ಚಿನವರು ಕಪ್ಪು ಗೆರೆಯ ಹಲಗೆಗೆ ಹೇಳುವುದೂ ‘ಕೀ’ ಅಂತಲೇ. ಹಾಲಿವುಡ್ಡು ಮಾಡುತ್ತಿದ್ದದ್ದು, ಆ ಹುಡುಗಿ ಗೋದಾಮಿನಲ್ಲಿ ಮಾಡುತ್ತಿದ್ದದ್ದು ಒಂದೇ ಕೆಲಸ, ವೇಗ ಬೇರೆ.

ಕಪ್ಪು ಬಿಳುಪಿಗೆ ಬಂದರೆ, 1970ರ ‘ಸಂಸ್ಕಾರ’ವನ್ನು ಮರದಚ್ಚು ಕಲಿಯುವವರು ಮಾತು ನಿಲ್ಲಿಸಿ ಒಮ್ಮೆ ನೋಡಬೇಕು. ಕಲಾ ನಿರ್ದೇಶನ ಚಿತ್ರಕಲಾವಿದ ಎಸ್.ಜಿ. ವಾಸುದೇವ್ ಅವರದು. ಕತ್ತಲೆಯ ಮನೆ, ಬೆಳಕಿನ ಅಂಗಳ. ಎಷ್ಟು ಬಿಡಬೇಕು, ಎಷ್ಟು ಕೊರೆಯಬೇಕು ಎಂಬ ಲೆಕ್ಕ ಅಲ್ಲಿದೆ.

ಸಿನಿಮಾದ ಗೂಟವನ್ನು ಮನೆಯಲ್ಲಿ ಮಾಡಿಕೊಳ್ಳಲು ಖರ್ಚೇನಿಲ್ಲ. ಆಫೀಸಿನಲ್ಲಿ ಫೈಲಿಗೆ ತೂತು ಹಾಕುವ ಪಂಚಿಂಗ್ ಮಷಿನ್ ನಮ್ಮಲ್ಲಿ ಹೆಚ್ಚಾಗಿ ಒಂದೇ ಅಳತೆ. ತೂತಿನ ನಡುವಿನಿಂದ ನಡುವಿಗೆ 80 ಮಿಲಿಮೀಟರ್, ತೂತಿನ ಅಗಲ ಸುಮಾರು 6. ಹಲಗೆಗಿಂತ ಎಲ್ಲ ಕಡೆ ನಾಲ್ಕು ಇಂಚು ದೊಡ್ಡದಾದ ಪ್ಲೈವುಡ್ ತಗೊಂಡು, ಮೇಲಂಚಿನ ನಡುವೆ 80 ಮಿಲಿಮೀಟರ್ ಅಂತರಕ್ಕೆ ಎರಡು ಗೂಟ ನೆಡಿ. ತಲೆ ತೆಗೆದು ಅರದಿಂದ ನಯ ಮಾಡಿದ ಬೋಲ್ಟ್ ಆಗಬಹುದು. ತೂತಿಗೆ ಬಿಗಿಯಾಗಿ ಕೂರಬೇಕು, ಕಷ್ಟಪಟ್ಟು ತುರುಕುವಂತಿರಬಾರದು. ಹಳೇ ಎಕ್ಸ್‌ರೇ ಫಿಲ್ಮನ್ನು ಪಟ್ಟಿ ಕತ್ತರಿಸಿ, ಪಂಚ್ ಮಾಡಿ, ಪ್ರತಿ ಕಾಗದದ ಮೇಲಂಚಿಗೆ ಟೇಪಿನಿಂದ ಅಂಟಿಸಿ. ಕಾಗದಕ್ಕೇ ನೇರ ತೂತು ಹಾಕಿದರೆ ಮೂರನೇ ಬಣ್ಣಕ್ಕೆ ತೂತು ಸಡಿಲಾಗಿರುತ್ತದೆ. ಟಾಕೀಸಿನ ರೀಲಿನ ಕಥೆಯೇ. ಗೂಟ ಮೇಲಂಚಿನ ನಡುವೆ ಇರುವುದಕ್ಕೆ ಇನ್ನೊಂದು ಲಾಭ ಇದೆ: ಊದಿದ್ದು ಎಡಕ್ಕೂ ಬಲಕ್ಕೂ ತಾನಾಗಿ ಹಂಚಿಹೋಗುತ್ತದೆ. ಆಚಾರ್ರ ನಡುಗೆರೆ. ಕಾಗದವೂ ಊದುತ್ತದೆ ಎಂಬುದನ್ನು ಮರೆಯಬೇಡಿ. ಮಷಿನ್ ಕಾಗದ ಎಳೆಗೆ ಅಡ್ಡ ಹೆಚ್ಚು, ಕೈಕಾಗದ ಎರಡೂ ಕಡೆಗೆ ಹೆಚ್ಚುಕಡಿಮೆ ಸಮ. ಮೂರು ಬಣ್ಣ ಮುಗಿಯುವವರೆಗೆ ಹಾಳೆಗಳನ್ನೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದು ಒಂದೇ ದಾರಿ. ವಾರ ದಾಟಿದರೆ ಬೂಷ್ಟು ಹಿಡಿಯುತ್ತದೆ, ಆ ಮಾತು ಬೇರೆ.

ಗ್ಯಾರೇಜು ಅಂದರೆ ಜೀಪ್ ಶೆಡ್ಡು

ಗ್ಯಾರೇಜ್ ರಾಕ್ ಅಂದರೆ ಇನ್ನೇನಲ್ಲ, 1960ರ ದಶಕದಲ್ಲಿ ಅಮೆರಿಕದ ಹೈಸ್ಕೂಲು ಹುಡುಗರು ಅಪ್ಪನ ಕಾರು ಹೊರಗೆ ನಿಲ್ಲಿಸಿ ಆ ಜಾಗದಲ್ಲಿ ಬಾರಿಸಿದ್ದು. ನಮ್ಮಲ್ಲಾದರೆ ಜೀಪ್ ಶೆಡ್ಡು. ಒಂದೋ ಎರಡೋ ಗಿಟಾರ್, ಡ್ರಮ್, ಮೂರು ಕಾರ್ಡು (ಒಟ್ಟಿಗೆ ಮೀಟುವ ಸ್ವರಗಳ ಗುಚ್ಛ), ಗಂಟಲು ಹರಿಯುವ ಹಾಗೆ ಒಬ್ಬ ಹಾಡುಗಾರ. ಪ್ರಿಂಟ್‌ಮೇಕರುಗಳಿಗೆ ಈ ಸಂಗೀತದ ಮೇಲೆ ಮೋಹ ಹೆಚ್ಚು, ಅದರ ಕಾರಣವೂ ಗೊತ್ತಿರುವಂಥದೇ: ಮೂರು ಹಲಗೆ, ಮೂರು ಕಾರ್ಡು, ಸಾಕಾಗದ ಸಲಕರಣೆ. ಆದರೆ ‘ಹೇಗೆ ಬೇಕಾದರೂ ಬಾರಿಸಬಹುದು’ ಎಂದು ಇದರಿಂದ ಪಾಠ ಕಲಿತವರು ತಪ್ಪು ಕಲಿತಿದ್ದಾರೆ.

ಕಿಂಗ್ಸ್‌ಮೆನ್ ಎಂಬ ಹುಡುಗರ ತಂಡ 1963ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಹಿಡಿದ ‘ಲೂಯಿ ಲೂಯಿ’ಯನ್ನು ಕಿವಿಗೊಟ್ಟು ಕೇಳಿ. ಮಾತು ಅರ್ಥವಾಗುವುದಿಲ್ಲ. ಎಷ್ಟೆಂದರೆ ಅಶ್ಲೀಲ ಇರಬೇಕೆಂಬ ದೂರು ಹೋಗಿ ಎಫ್‌ಬಿಐ ತನಿಖೆ ನಡೆಸಿತು, ಕೊನೆಗೆ ಏನೆಂದು ಅದಕ್ಕೂ ತಿಳಿಯಲಿಲ್ಲ. ಗಿಟಾರ್ ಸೋಲೊ (ಹಾಡು ನಿಂತು ಗಿಟಾರ್ ಮುಂದಾಗುವ ಭಾಗ) ಮುಗಿದ ಮೇಲೆ ಹಾಡುಗಾರ ಬರಬೇಕಾದ್ದಕ್ಕಿಂತ ಮೊದಲೇ ಬಾಯಿ ತೆರೆಯುತ್ತಾನೆ, ತಪ್ಪಿದೆನೆಂದು ತಿಳಿದು ಅಲ್ಲೇ ನಿಲ್ಲಿಸುತ್ತಾನೆ. ಆ ಖಾಲಿ ಜಾಗಕ್ಕೆ ಡ್ರಮ್ಮರ್ ಒಂದು ಉರುಳು ಬಾರಿಸಿ ಹಾಡನ್ನು ಮತ್ತೆ ಸಾಲಿಗೆ ತರುತ್ತಾನೆ. ರೆಕಾರ್ಡ್ ಹಾಗೇ ಹೊರಬಂತು. ಆ ತಪ್ಪು ಇವತ್ತಿಗೂ ಚೆಂದ ಕೇಳುವುದು ಯಾಕೆ? ತಾಳ ಎಲ್ಲೂ ಬೀಳಲಿಲ್ಲ. ಡ್ರಮ್ಮರನೂ ತಡವರಿಸಿದ್ದರೆ ಅದು ತಿಪ್ಪೆಗೆ ಹೋಗುತ್ತಿದ್ದ ಇನ್ನೊಂದು ಕೆಟ್ಟ ರೆಕಾರ್ಡ್ ಆಗುತ್ತಿತ್ತು. ಬಣ್ಣ ಗೆರೆ ದಾಟಿರಬಹುದು, ಗೂಟ ಅಲುಗಲಿಲ್ಲ.

ಫಜ್ ಅನ್ನುವ ಆ ಗರಗರ ಗಿಟಾರ್ ಸದ್ದಿನ ಹುಟ್ಟೂ ಹೀಗೆಯೇ. ನ್ಯಾಶ್‌ವಿಲ್ಲಿನ ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಷಿನ್‌ನ ಟ್ರಾನ್ಸ್‌ಫಾರ್ಮರ್ ಕೆಟ್ಟು ಒಂದು ಹಾಡಿನ ಸೋಲೊ ಹರಿದ ತಗಡಿನಂತೆ ಬಂತು. ಒಮ್ಮೆ ಬಂದಿದ್ದರೆ ಅಪಘಾತ. ಅಲ್ಲಿನ ಎಂಜಿನಿಯರ್ ಅದನ್ನೇ ಬೇಕೆಂದಾಗ ಬರಿಸುವ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಮೇಸ್ಟ್ರೋ ಫಜ್ ಟೋನ್ ಎಂಬ ಪೆಟ್ಟಿಗೆಯಾಗಿ ಅದು ಅಂಗಡಿಗೆ ಬಂತು, ಕಾಲಲ್ಲಿ ಒತ್ತಿದರೆ ಗರಗರ, ಮತ್ತೆ ಒತ್ತಿದರೆ ಶುದ್ಧ. ಎರಡು ವರ್ಷದ ಮೇಲೆ ಲಂಡನ್ನಿನಲ್ಲಿ ಡೇವ್ ಡೇವಿಸ್ ಎಂಬ ಹದಿಹರೆಯದ ಹುಡುಗ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಸೀಳಿದ್ದು ಒರಟು ಕೆಲಸವೇ. ಆದರೆ ಸೀಳು ಸ್ಪೀಕರಿನಲ್ಲೇ ಉಳಿಯಿತು, ಪ್ರತಿ ಸಲವೂ ಅದೇ ಸದ್ದು. ಹಲಗೆಯ ಬಿರುಕಿನ ಹಾಗೆ.

ಇದನ್ನು ಕೊಡಗಿನವರಿಗೆ ಅಮೆರಿಕದಿಂದ ತಂದು ಹೇಳಬೇಕಾಗಿಯೂ ಇಲ್ಲ. ಮದುವೆಮನೆಯ ವಾಲಗ ಕೇಳಿ. ಊದುವವರ ಸ್ವರ ಹರಿಯುತ್ತದೆ, ಕೊಂಬಿನ ಕೂಗು ಶ್ರುತಿಗೆ ಸಿಗುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಡೋಲು ಒಂದು ಹೆಜ್ಜೆ ತಪ್ಪಲಿ, ಕುಣಿಯುವವರೆಲ್ಲ ತಿರುಗಿ ನೋಡುತ್ತಾರೆ. ಮಳೆಗಾಲಕ್ಕೆ ಚರ್ಮ ಸಡಿಲಾದರೆ ದುಡಿಯನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಂಡೇ ಹಾಡಿಗೆ ಕೂರುವುದು. ಅಲ್ಲಿ ಒರಟಿಗೆ ಯಾರೂ ಹೆಸರಿಟ್ಟಿಲ್ಲ, ಬಿಗಿಗೆ ಮಾತ್ರ ಗಮನ.

ಕಾಲೇಜುಗಳಲ್ಲಿ ಈಚೆಗೆ ‘ಆಕಸ್ಮಿಕ’ ಎಂಬ ಮಾತು ಬಹಳ ಓಡುತ್ತಿದೆ. ಇಂಕ್ ಚೆಲ್ಲಿದರೆ ಆಕಸ್ಮಿಕ, ಗುರುತು ತಪ್ಪಿದರೆ ಆಕಸ್ಮಿಕ, ಎಲ್ಲದಕ್ಕೂ ಒಂದು ಹೇಳಿಕೆ. ಹಿಂದಿನ ತಲೆಮಾರಿನ ಮೇಷ್ಟ್ರುಗಳು ಒಂದು ಬೆರಳ ಗುರುತಿಗೆ ಹಾಳೆ ಹರಿದು ಹಾಕುತ್ತಿದ್ದರಂತೆ. ಈಗಿನದು ಅದಕ್ಕೆ ಸೇಡು ಇರಬಹುದು. ಎರಡೂ ಒಂದೇ ತಪ್ಪಿನ ಎರಡು ಮುಖ ಅಂತ ನನಗೆ ಕಾಣುತ್ತದೆ, ಯಾಕೆಂದರೆ ಎರಡರಲ್ಲೂ ಕೇಳದೇ ಬಿಟ್ಟ ಪ್ರಶ್ನೆ ಒಂದೇ: ಇದನ್ನು ಇನ್ನೊಮ್ಮೆ ಮಾಡಿ ತೋರಿಸಲು ಬರುತ್ತದೆಯೇ?

ಗೋದಾಮಿನ ಹುಡುಗಿ ಹದಿನಾಲ್ಕು ಹಾಳೆಗೆ ಹಸಿರು, ಕೆಮ್ಮಣ್ಣು ಹಾಕಿಟ್ಟಿದ್ದಳು. ಮೊದಲ ಎರಡು ಗುರುತು ಹುಡುಕುವುದರಲ್ಲಿ ಹೋದವು. ಒಂದಕ್ಕೆ ಮಾಡಿನಿಂದ ತೊಟ್ಟಿಕ್ಕಿತು. ಹನ್ನೊಂದು ಸರಿ ಬಂದವು. ಆಫ್‌ಸೆಟ್ ಇಂಕಿಗೆ ಒಂದು ದೊಡ್ಡ ಚಮಚಕ್ಕೆ ಎರಡು ಹನಿಯಂತೆ ಕೋಬಾಲ್ಟ್ ಡ್ರೈಯರ್ ಬೆರೆಸಿದ್ದರೂ ಕಪ್ಪು ಒಣಗಲು ಒಂಬತ್ತು ದಿನ ಹಿಡಿಯಿತು. ಇನ್ನೂ ಹಾಕಿದ್ದರೆ ಗಾಜಿನ ಮೇಲೆಯೇ ಕೆನೆ ಕಟ್ಟುತ್ತಿತ್ತು. ಹಗ್ಗಕ್ಕೆ ಕ್ಲಿಪ್ಪಿನಿಂದ ತೂಗುಹಾಕಿದ ಹಾಳೆಗಳ ಕೆಳಗೆ ಆಚಾರ್ರು ಕಿಟಕಿ ಮುಗಿಸಿ, ಹೊರಡುವ ಮುಂಚೆ ಸಿಲ್ವರ್ ಓಕ್ ಹಲಗೆಯನ್ನು ಮಗುಚಿದರು. ಮತ್ತೆ ಯಾವಾಗ ತೆಗೀತಿ ಎಂದು ಕೇಳಿದರು. ಜನವರಿಯಲ್ಲಿ ಎಂದಳು. ಹಲಗೆಯ ಬೆನ್ನಿಗೆ ಪೆನ್ಸಿಲಿನಲ್ಲಿ ನಡುಗೆರೆ ಎಳೆದು, ಅದರ ಪಕ್ಕ ಬರೆದರು: ಜುಲೈ, 12 ಇಂಚು 1 ನೂಲು. ಕೆಳಗೆ ಜನವರಿ ಎಂದು ಬರೆದು, ಮುಂದಿನ ಜಾಗ ಖಾಲಿ ಬಿಟ್ಟರು.